ಬಿಸಿಲಿಗೆ ಮಾಸಿದ ಕೆಂಪು

"ಈ ಸ್ಲೈಡ್‌ನಲ್ಲಿ ಏನೂ ಇಲ್ಲ."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದ ಹೈಮಾವತಿಗೆ ಮೊದಲು ಗುರುತಾದದ್ದು ಆ ದನಿ. ಮಾತಿನ ಅರ್ಥ ತಲೆಗೆ ಹೋದದ್ದು ಆಮೇಲೆ.

ಅವಳು ತಕ್ಷಣ ತಲೆಯೆತ್ತಲಿಲ್ಲ. ಎತ್ತಿದರೆ ಮುಖ ಎಲ್ಲವನ್ನೂ ಹೇಳಿಬಿಡುತ್ತದೆ ಎಂಬ ಭಯ. ನಿಧಾನವಾಗಿ ದೀಪ ಆರಿಸಿದಳು. ಮಸೂರದ ಎಣ್ಣೆ ಒರೆಸಿದಳು. 

ಬಾಗಿಲಲ್ಲಿ ಯುಗಂಧರ್ ನಿಂತಿದ್ದ. ಮೊದಲಿಗಿಂತ ತೆಳ್ಳಗಾಗಿದ್ದ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಒಂದು ಗಾಜಿನ ತುಂಡು.

ಪಡಮಟಿಪೇಟೆಯ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಹೈಮಾವತಿಯ ಕೆಲಸ. ಚೀರಾಲದ ಕಡೆಯ ನೇಕಾರರ ಪೇಟೆ ಅದು. ಮಗ್ಗದ ಸದ್ದಿನ ನಡುವೆ ಕೆಮ್ಮಿನ ಸದ್ದಿಗೂ ಅಲ್ಲಿ ಬರವಿರಲಿಲ್ಲ. ಅವಳು ನೋಡಿದ ಸ್ಲೈಡ್‌ಗಳಲ್ಲಿ ಕೆಲವನ್ನು ಆರಿಸಿ ಜಿಲ್ಲಾ ಕಚೇರಿಗೆ ಒಯ್ಯುತ್ತಾರೆ. ಅಲ್ಲಿನ ಮೇಲ್ವಿಚಾರಕರು ಅವಳ ಫಲಿತಾಂಶ ಏನೆಂದು ತಿಳಿಯದೆಯೇ ಮತ್ತೊಮ್ಮೆ ನೋಡುತ್ತಾರೆ. ಇಬ್ಬರ ಕಣ್ಣುಗಳ ಮಾತು ಒಂದಾದರೆ ಸರಿ. ಬೇರೆಯಾದರೆ ಮೇಲ್ವಿಚಾರಕರೇ ಖುದ್ದಾಗಿ ಬರಬೇಕು.

ಈ ವಿಭಾಗಕ್ಕೆ ಹೊಸಬರು ಬಂದಿದ್ದಾರೆ ಎಂದು ಕೇಳಿದ್ದಳು. ಅವರು ಇವನೇ ಎಂದು ಯಾರೂ ಹೇಳಿರಲಿಲ್ಲ.

"ನೀವು ಇದಕ್ಕೆ ಪಾಸಿಟಿವ್ ಅಂತ ಬರೆದಿದ್ದೀರಿ," ಎಂದ ಯುಗಂಧರ್. "ನಾನು ಪೂರ್ತಿ ಸ್ಲೈಡ್ ಹುಡುಕಿದೆ. ಕ್ಷಯದ ಕ್ರಿಮಿಯ ಒಂದೇ ಒಂದು ಕೆಂಪು ಕಡ್ಡಿಯೂ ಇಲ್ಲ."

ನೀವು... ಗುಂಟೂರಿನಲ್ಲಿ ಒಂದೇ ಮೇಜಿನ ಮುಂದೆ ಕೂತು ಸ್ಲೈಡ್‌ಗೆ ಬಣ್ಣ ಹಾಕುವುದು ಕಲಿಯುವಾಗ 'ನೀನು' ಎನ್ನುತ್ತಿದ್ದವನ ಬಾಯಲ್ಲಿ ಈಗ 'ನೀವು'.

ಅವಳು ಸ್ಲೈಡನ್ನು ತೆಗೆದುಕೊಂಡು ಅಂಚಿನಲ್ಲಿ ಗೀಚಿದ್ದ ಸಂಖ್ಯೆ ನೋಡಿದಳು. ಅವಳದೇ ಕೈಬರಹ.

"ಇದು ಕೋಟಮ್ಮನ ಸ್ಲೈಡ್. ಸುಳ್ಳಾಗೋಕೆ ಸಾಧ್ಯವೇ ಇಲ್ಲ. ಕೆಂಪು ಕಡ್ಡಿಗಳು ರಾಶಿ ರಾಶಿ ಇದ್ದವು. ನಾನು ಕಂಡಿದ್ದೀನಿ."

ಆ ಹೆಸರು ಬಾಯಿಂದ ಜಾರಿದ ಮೇಲೆಯೇ ಅವಳಿಗೆ ಹೊಳೆದದ್ದು, ಹೊರಗಿನ ಬೆಂಚಿನ ಮೇಲೆ ಕೋಟಮ್ಮನೂ ಅವಳ ಅತ್ತೆಯೂ ಕೂತಿದ್ದಾರೆಂದು. ಇವತ್ತು ಮಾತ್ರೆ ನುಂಗಿಸುವ ದಿನ.

"ಏನಮ್ಮಾ ಅದು?" ಅತ್ತೆ ಆದಿಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೇ ಬಂದರು. "ಇದ್ರಲ್ಲಿ ಏನೂ ಇಲ್ಲ ಅಂದ್ರಾ ಈ ಬಾಬು? ಹಾಗಾದ್ರೆ ನನ್ನ ಸೊಸೆಗೆ ಕಾಯಿಲೆನೇ ಇಲ್ಲ?"

"ದೊಡ್ಡಮ್ಮಾ, ಸ್ವಲ್ಪ ಹೊರಗೆ ಕೂತ್ಕೊಳ್ಳಿ. ನಾವು ನೋಡ್ತಾ ಇದ್ದೀವಿ..."

"ಎರಡು ತಿಂಗಳಾಯ್ತು ನೀವು ನೋಡ್ತಾ ಇರೋದು. ಆ ಮಾತ್ರೆ ನುಂಗಿ ನುಂಗಿ ಇವಳಿಗೆ ಉಚ್ಚೆಯೂ ಕೆಂಪು. ಬೀದಿಗೆಲ್ಲ ಗೊತ್ತಾಗಿ ನನ್ನ ಮಗಳಿಗೆ ಬಂದಿದ್ದ ಸಂಬಂಧ ಬಾಗಿಲಿಂದಲೇ ವಾಪಸು ಹೋಯ್ತು. ಈಗ ದೊಡ್ಡವರು ಬಂದು ಇಲ್ಲ ಅಂತಾರೆ. ಕೋಟಮ್ಮಾ, ಏಳೇ. ಮಾತ್ರೆಯೂ ಬೇಡ, ಇವರ ಸಹವಾಸವೂ ಬೇಡ."

ಕೋಟಮ್ಮ ಒಮ್ಮೆ ಹೈಮಾವತಿಯ ಮುಖ ನೋಡಿದಳು. ಮತ್ತೊಮ್ಮೆ ಅತ್ತೆಯ ಮುಖ ನೋಡಿದಳು. ಕಂಕುಳಲ್ಲಿ ಮಗು ನಿದ್ದೆಹೋಗಿತ್ತು. ಕೋಟಮ್ಮ ಅತ್ತೆಯ ಹಿಂದೆ ಹೊರಟುಹೋದಳು.

"ಕೇಳಿಸ್ತಾ ನಿಮಗೆ?" ಹೈಮಾವತಿಯ ದನಿ ಒಡೆಯಿತು. "ಅರ್ಧಕ್ಕೆ ನಿಲ್ಲಿಸಿದ್ರೆ ಕಾಯಿಲೆ ತಿರುಗಿ ಬರುತ್ತೆ, ಆಗ ಇದೇ ಮಾತ್ರೆಗೆ ಬಗ್ಗಲ್ಲ. ಈಗ ಅವಳ ಕಫ ಮತ್ತೆ ನೋಡಿದ್ರೂ ಏನೂ ಸಿಗಲ್ಲ. ಔಷಧಿ ಕೆಲಸ ಮಾಡಿದೆ. ಕಾಯಿಲೆ ಇತ್ತು ಅಂತ ಹೇಳೋಕೆ ಉಳಿದಿರೋದು ಈ ಒಂದು ಗಾಜು."

"ಆ ಗಾಜಲ್ಲಿ ಏನೂ ಇಲ್ವಲ್ಲ, ನಾನೇನು ಮಾಡ್ಲಿ? ಕಂಡದ್ದನ್ನ ಬರೀಬೇಕು. ಕಾಣದ್ದನ್ನ ಹೇಗೆ ಬರೀಲಿ?"

"ಕಂಡದ್ದನ್ನ ಕಂಡೇ ಇಲ್ಲ ಅನ್ನೋದು ನಿಮಗೆ ಹೊಸದಲ್ಲ ಬಿಡಿ."

ಯುಗಂಧರನ ಮುಖ ಬಾಡಿತು. ಅವನು ಸ್ಲೈಡನ್ನು ಕಾಗದದಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟ.

ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಬಾಗಿಲಲ್ಲೇ ಇದ್ದಳು... ಸಿಟ್ಟಿನಿಂದಲೋ, ಇನ್ನೊಂದರಿಂದಲೋ, ಅವಳಿಗೇ ತಿಳಿಯಲಿಲ್ಲ.

*

ಗುಂಟೂರಿನ ಆ ದಿನಗಳನ್ನು ಹೈಮಾವತಿ ಮರೆತಿದ್ದೇನೆ ಎಂದುಕೊಂಡಿದ್ದಳು.

ಗಾಜಿನ ಮೇಲೆ ಕಫವನ್ನು ತೆಳುವಾಗಿ ಸವರುವುದನ್ನು ಇಬ್ಬರೂ ಒಟ್ಟಿಗೇ ಕಲಿತವರು. ಕೆಂಪು ದ್ರಾವಣ ಸುರಿದು ಕೆಳಗೆ ಜ್ವಾಲೆ ಹಿಡಿಯಬೇಕು. ಹಬೆ ಏಳಬೇಕು, ಕುದಿಯಬಾರದು. ಆಮೇಲೆ ಆಸಿಡ್ ಹಾಕಿ ತೊಳೆದರೆ ಉಳಿದೆಲ್ಲದರ ಕೆಂಪೂ ಹರಿದು ಹೋಗುತ್ತದೆ, ಕ್ಷಯದ ಕ್ರಿಮಿಯೊಂದು ಬಿಟ್ಟು. ಅದು ಹಿಡಿದ ಬಣ್ಣವನ್ನು ಆಸಿಡ್‌ಗೂ ಬಿಟ್ಟುಕೊಡುವುದಿಲ್ಲ. ಕಡೆಗೆ ನೀಲಿ ಹಾಕಿದರೆ, ನೀಲಿ ಹಾಸಿನ ಮೇಲೆ ಸಣ್ಣ ಸಣ್ಣ ಕೆಂಪು ಕಡ್ಡಿಗಳಾಗಿ ಅದು ಕಾಣುತ್ತದೆ.

"ಹಟಮಾರಿ ಕಣೇ ಇದು. ನಿನ್ನ ಥರ," ಎಂದಿದ್ದ ಅವನು.

"ನನ್ನ ಥರ ಯಾಕೆ? ನಾನೇನು ಹಿಡಿದುಕೊಂಡಿದ್ದೀನಿ?"

"ನನ್ನನ್ನ."

ಅವಳ ಕೈಯಲ್ಲಿದ್ದ ಬಾಟಲಿ ಓರೆಯಾಗಿ ಇಬ್ಬರ ಬೆರಳೂ ಕೆಂಪಾಗಿದ್ದವು. ವಾರವಾದರೂ ಹೋಗಿರಲಿಲ್ಲ ಆ ಕೆಂಪು.

ತರಬೇತಿ ಮುಗಿದ ದಿನ ಅವನು, "ದಸರಾಕ್ಕೆ ಅಮ್ಮನನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ," ಎಂದ. ಅವಳು ಮನೆಯಲ್ಲಿ ಹೇಳಿದಳು. ಅಪ್ಪ ಗೋಡೆಗೆ ಸುಣ್ಣ ಹೊಡೆಸಿದರು. ಹೊಸ ಚಾಪೆ ಬಂತು. ಅಮ್ಮ ಅಕ್ಕಿ ನೆನೆಹಾಕಿ, ಕುಟ್ಟಿ, ಬೆಲ್ಲದ ಪಾಕ ಹಿಡಿದು ಹಂಡೆ ತುಂಬ ಅರಿಸೆಲು ಕಜ್ಜಾಯ ಮಾಡಿದಳು.

ಯಾರೂ ಬರಲಿಲ್ಲ.

ಒಂದು ಕಾರ್ಡೂ ಬರಲಿಲ್ಲ. ಅರಿಸೆಲನ್ನು ಅಮ್ಮ ಬೀದಿಯ ಮನೆಮನೆಗೂ ಹಂಚಿದಳು. "ಏನು ವಿಶೇಷ?" ಎಂದವರಿಗೆಲ್ಲ "ಹಬ್ಬ ಅಲ್ವಾ" ಎಂದಳು. ಅದಾದ ಮೇಲಿನ ಮೂರು ವರ್ಷದಲ್ಲಿ ಬಂದ ಸಂಬಂಧಗಳನ್ನೆಲ್ಲ ಹೈಮಾವತಿ ಒಂದೊಂದು ನೆಪ ಹೇಳಿ ತಳ್ಳಿದ್ದಳು. 

ಈಗ ಬಂದ. ಬಂದವನು ಹೇಳಿದ್ದೇನು? 'ಏನೂ ಇಲ್ಲ.'

*

ತಪ್ಪಿದ ಮಾತ್ರೆ ನುಂಗಲು ಮಾರನೆಯ ದಿನ ಕೋಟಮ್ಮ ಬರಲಿಲ್ಲ. ಮುಂದಿನ ಸರದಿಯ ದಿನವೂ ಬರಲಿಲ್ಲ.

ವೈದ್ಯರನ್ನು ಕೇಳಿದರೆ, "ಮೊದಲು ನಿಮ್ಮ ನಿಮ್ಮಲ್ಲಿ ಮಾತು ಒಂದಾಗಲಿ ತಾಯೀ. ಒಬ್ಬರು ಇದೆ, ಒಬ್ಬರು ಇಲ್ಲ ಅಂದ್ರೆ ನಾನು ಯಾವ ಮುಖ ಇಟ್ಕೊಂಡು ಆ ಮುದುಕಿ ಹತ್ರ ಮಾತಾಡ್ಲಿ?" ಎಂದರು.

ಹೈಮಾವತಿ ತಾನೇ ಮಾತ್ರೆ ಹಿಡಿದು ನೇಕಾರರ ಬೀದಿಗೆ ಹೋದಳು. ಕೋಟಮ್ಮ ಜಗಲಿಯಲ್ಲಿ ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು.

"ಅಕ್ಕಾ, ಈಗ ಜ್ವರ ಇಲ್ಲ. ಅನ್ನ ಸೇರುತ್ತೆ. ಕೆಮ್ಮೂ ಕಡಿಮೆ," ಎಂದಳು ಮೆಲ್ಲಗೆ. "ನಿಜ ಹೇಳು, ನನಗೆ ಕಾಯಿಲೆ ಇತ್ತಾ?"

"ಇತ್ತು ಕಣೇ. ಇನ್ನೂ ಒಳಗೆ ಅಡಗಿ ಕೂತಿರುತ್ತೆ. ಪೂರ್ತಿ ಹೋಗೋವರೆಗೂ ಮಾತ್ರೆ ಬಿಡಬಾರದು. ಮಗುವಿಗೆ ಹಾಲು ಕೊಡ್ತಿದ್ದೀಯ, ಮರೀಬೇಡ."

ಒಳಗಿನಿಂದ ಆದಿಲಕ್ಷ್ಮಮ್ಮನ ದನಿ ಬಂತು. "ನೀನು ಇದೆ ಅಂತೀಯ. ನಿನಗಿಂತ ದೊಡ್ಡವನು ಇಲ್ಲ ಅಂತಾನೆ. ನಾನು ಯಾರ ಕಣ್ಣು ನಂಬ್ಲಿ ಅಮ್ಮಾಯೀ? ಆ ಬಾಬುನೇ ಬಂದು ನನ್ನ ಜಗಲಿ ಮೇಲೆ ನಿಂತು ಇದೆ ಅನ್ಲಿ. ನನ್ನ ಕೈಯಾರೆ ನುಂಗಿಸ್ತೀನಿ."

ಮಾತಿನಲ್ಲಿ ನ್ಯಾಯವಿತ್ತು. ಅದೇ ಅವಳಿಗೆ ಹೆಚ್ಚು ನೋವಾದದ್ದು.

ನೀವೇ ಹೇಳಿ, ಬೆನ್ನು ತಿರುಗಿಸಿ ಹೋದವನ ಮುಂದೆ ಮತ್ತೆ ಕೈಚಾಚುವುದು ಸುಲಭವೇ? ಆಸ್ಪತ್ರೆಯ ಆಯಾ ಸುಬ್ಬಾಯಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು.

"ಅಮ್ಮಡೂ, ಫೋನ್ ಬೂತು ಬಸ್ ನಿಲ್ದಾಣದ ಪಕ್ಕದಲ್ಲೇ ಇದೆ. ನಿನಗೆ ದಾರಿ ಮರೆತುಹೋಗಿದ್ರೆ ನಾನು ಕೈ ಹಿಡಿದು ಕರ್ಕೊಂಡು ಹೋಗ್ತೀನಿ."

"ಯಾರಿಗೆ ಫೋನ್ ಮಾಡ್ಬೇಕು ನಾನು?"

"ನನ್ನ ಅಜ್ಜನಿಗೆ. ಯಾರಿಗೆ ಅಂತೆ... ಆ ಹುಡುಗ ಬಂದುಹೋದ ಮೇಲೆ ನೀನು ಊಟದ ಡಬ್ಬಿ ಮುಚ್ಚಳ ತೆಗೆದಿಲ್ಲ. ಆ ಗೋಂಗೂರ ಸೊಪ್ಪಿನ ಪಪ್ಪನ್ನ ದಿನಾ ತಿಂತಿರೋಳು ನಾನು. ನನಗೆ ಲಾಭವೇ, ಆದ್ರೂ ಹೇಳ್ದೆ."

ಹೈಮಾವತಿ ನಗಲಿಲ್ಲ. ಆದರೆ ಎದ್ದಳು. 'ನನ್ನ ಮಾನ ದೊಡ್ಡದಾ, ಕೋಟಮ್ಮನ ಜೀವ ದೊಡ್ಡದಾ?' ಬೂತಿನವರೆಗೂ ಅದೊಂದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಳು.

ಜಿಲ್ಲಾ ಕಚೇರಿಯಲ್ಲಿ ಯಾರೋ ಫೋನ್ ಎತ್ತಿದರು. "ಯುಗಂಧರ್ ಗಾರಾ? ಬೆಳಗ್ಗೆಯೇ ಹೊರಟರಲ್ಲ... ಪಡಮಟಿಪೇಟೆಗೇ."

ಅವಳು ಓಡುತ್ತಾ ಆಸ್ಪತ್ರೆಗೆ ಬಂದಳು.

*

ಯುಗಂಧರ್ ಅವಳ ಮೇಜಿನ ಮುಂದೆ ನಿಂತಿದ್ದ. ಕಣ್ಣುಗಳು ಕೆಂಪಾಗಿದ್ದವು. ಮೇಜಿನ ಮೇಲೆ ಎರಡು ಸ್ಲೈಡ್‌ಗಳಿದ್ದವು.

"ಒಂದು ಕೋಟಮ್ಮನದು," ಎಂದ. "ಇನ್ನೊಂದು ಬೇರೆಯವರದು. ಮೊದಲು ಅದನ್ನ ನೋಡ್ತೀಯಾ?"

ನೋಡ್ತೀಯಾ... 'ನೀವು' ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು.

ಅವಳು ಪ್ರಶ್ನೆ ಕೇಳದೆ ಸ್ಲೈಡನ್ನು ಮಸೂರದ ಕೆಳಗಿಟ್ಟಳು. ಸಾಲು ಸಾಲಾಗಿ ಹುಡುಕಿದಳು. ಮಬ್ಬು ನೀಲಿ. ಎಲ್ಲೂ ಕೆಂಪಿಲ್ಲ.

"ಏನೂ ಇಲ್ಲ."

"ಈಗ ಇದಕ್ಕೆ ಮತ್ತೆ ಬಣ್ಣ ಹಾಕು. ಮೊದಲಿಂದ."

"ಒಮ್ಮೆ ಹಾಕಿದ್ದಕ್ಕಾ?"

"ಹಾಕು ಹೈಮಾ. ದಯವಿಟ್ಟು."

ಅವಳು ಹಳೆಯ ಎಣ್ಣೆ ತೊಳೆದಳು. ಗಾಜನ್ನು ಸಿಂಕಿನ ಮೇಲಿನ ಕಂಬಿಯ ಮೇಲಿಟ್ಟು ಕೆಂಪು ದ್ರಾವಣ ಸುರಿದಳು. ಬತ್ತಿಯ ಜ್ವಾಲೆಯನ್ನು ಕೆಳಗೆ ಆಡಿಸಿದಳು. ಹಬೆ ಎದ್ದಿತು. ಅದೇ ಹಳೆಯ ಘಾಟು ಮೂಗಿಗೆ ಬಡಿದು ಗುಂಟೂರಿನ ಮಧ್ಯಾಹ್ನಗಳು ಕಣ್ಣ ಮುಂದೆ ಬಂದವು. ಇಬ್ಬರೂ ಕಾದರು. ನೀರು, ಆಸಿಡ್, ಮತ್ತೆ ನೀರು. ಕೆಂಪೆಲ್ಲ ಹರಿದುಹೋಗಿ ಗಾಜು ಬಿಳಿಚಿಕೊಂಡಿತು. ಕಡೆಗೆ ನೀಲಿ.

ಒಣಗಿದ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು ಕಣ್ಣಿಟ್ಟಳು.



ನೀಲಿಯ ಮೇಲೆ ಕೆಂಪು ಕಡ್ಡಿಗಳು. ಒಂಟಿಯಾಗಿ, ಜೋಡಿಯಾಗಿ, ಗುಂಪು ಗುಂಪಾಗಿ... ಗಾಜನ್ನು ಎತ್ತ ಸರಿಸಿದರೂ ಅವೇ.

"ಇದೆ," ಎಂದಳು. "ತುಂಬಾ ಇದೆ. ಪಾಪ, ಯಾರದು ಇದು? ಬದುಕಿದ್ದಾರಾ?"

"ನಿನ್ನ ಮುಂದೆ ನಿಂತಿದ್ದಾನೆ."

ಹೈಮಾವತಿ ಮಸೂರದಿಂದ ಕಣ್ಣು ತೆಗೆಯಲಿಲ್ಲ. ತೆಗೆಯಲಾಗಲಿಲ್ಲ. ಆ ಕೆಂಪು ಕಡ್ಡಿಗಳೆಲ್ಲ ನೀರಿನಲ್ಲಿ ತೇಲಿದಂತೆ ಕಲಸಿಹೋದವು. ಅದು ತನ್ನ ಕಣ್ಣೀರೆಂದು ಅವಳಿಗೆ ತಡವಾಗಿ ತಿಳಿಯಿತು.

"ದಸರಾಕ್ಕೆ ಮೊದಲು ಕೆಮ್ಮು ಶುರುವಾಯ್ತು," ಯುಗಂಧರ್ ಹೇಳುತ್ತಿದ್ದ. "ನಾನೇ ಸವರಿದೆ. ನಾನೇ ಬಣ್ಣ ಹಾಕಿದೆ. ನಾನೇ ನೋಡಿದೆ. ಆ ಸ್ಲೈಡನ್ನ ಕೋಣೆಯ ಕಿಟಕೀಲಿ, ಕನ್ನಡಿಗೆ ಒರಗಿಸಿ ಇಟ್ಟಿದ್ದೆ. ಮಾತ್ರೆ ನುಂಗೋಕೆ ಬೇಜಾರಾದಾಗೆಲ್ಲ ಅದನ್ನ ನೋಡ್ತಿದ್ದೆ. ವಾಸಿಯಾದ ಮೇಲೂ ಅಲ್ಲೇ ಇತ್ತು."

"ಮತ್ತೆ..."

"ಮೊನ್ನೆ ಬಸ್ಸಲ್ಲಿ ಪೂರ್ತಿ ನಿನ್ನ ಮಾತೇ ಕಿವೀಲಿ. ನಾನು ಕಂಡಿದ್ದೀನಿ, ನಾನು ಕಂಡಿದ್ದೀನಿ... ನೀನು ಕಾಣದ್ದನ್ನ ಕಂಡೆ ಅನ್ನೋಳಲ್ಲ. ನಾನೂ ಕಂಡಿದ್ದೆ, ನನ್ನದನ್ನ. ಸುಮ್ಮನೆ ಅದನ್ನ ತಗೊಂಡು ಹೋಗಿ ನೋಡಿದೆ ಹೈಮಾ. ಖಾಲಿ. ನನ್ನ ಎದೆ ತಿಂದ ಕಾಯಿಲೆ, ಗಾಜಲ್ಲಿ ಇಲ್ಲವೇ ಇಲ್ಲ. ಬಿಸಿಲು ಬಣ್ಣ ತಿಂದುಬಿಟ್ಟಿದೆ. ಪುಸ್ತಕದಲ್ಲಿ ಓದಿದ್ದೆ, ನಂಬಿರಲಿಲ್ಲ." ಅವನು ಸುತ್ತ ನೋಡಿದ. "ನಿನ್ನ ಸ್ಲೈಡ್‌ಗಳು ಪೆಟ್ಟಿಗೆಯಲ್ಲೇ ಇದ್ದವಲ್ಲ? ಕತ್ತಲಲ್ಲಿ ಇದ್ದದ್ದು ಇಷ್ಟು ಬೇಗ ಮಾಸಲ್ಲ."

ಹೈಮಾವತಿ ಪಡುವಣ ಕಿಟಕಿಯ ಕಡೆ ತಿರುಗಿದಳು.

ಕೋಟಮ್ಮನ ಕಫ ನೋಡಿದ ತಿಂಗಳು ಪೆಟ್ಟಿಗೆಗಳು ಸರಬರಾಜಾಗಿರಲಿಲ್ಲ. ಯಾರೋ ತಂದಿದ್ದ ಕಾಜಾ ಮಿಠಾಯಿಯ ರಟ್ಟಿನ ಡಬ್ಬಿಯಲ್ಲಿ ಸ್ಲೈಡ್‌ಗಳನ್ನು ಹರಡಿ, ಇರುವೆ ಬರದಿರಲೆಂದು ಕಿಟಕಿಯ ಮೇಲೆ ಇಟ್ಟಿದ್ದಳು. ಡಬ್ಬಿಗೆ ಮುಚ್ಚಳವಿರಲಿಲ್ಲ. ಸಂಜೆಯವರೆಗೂ ಅಲ್ಲಿ ಬೇಸಿಗೆಯ ಬಿಸಿಲು. ಕಚೇರಿಗೆ ಕಳಿಸುವಾಗ ಮಾತ್ರ ಒಳ್ಳೆಯ ಪೆಟ್ಟಿಗೆಗೆ ಹಾಕಿದ್ದಳು.

"ನಾನೇ..." ಅವಳು ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿದಳು. "ನಾನೇ ಬಿಸಿಲಿಗೆ ಇಟ್ಟೆ."

"ಬಾ. ಈಗ ಅವಳದ್ದು."

"ಬಣ್ಣ ನಾನು ಹಾಕ್ತೀನಿ. ನೋಡೋದು ನೀವೇ. ಅವಳ ಅತ್ತೆಗೆ ಬೇಕಾದ್ದು ನಿಮ್ಮ ಕಣ್ಣು."

ಮತ್ತೆ ಕೆಂಪು, ಹಬೆ, ಆಸಿಡ್, ನೀಲಿ.  ಯುಗಂಧರ್ ಕೂತು ಕಣ್ಣಿಟ್ಟ. ಗಾಜನ್ನು ಸಾಲು ಸಾಲಾಗಿ ಸರಿಸಿದ. ಬಾಗಿಲಲ್ಲಿ ಸುಬ್ಬಾಯಮ್ಮ ಪೊರಕೆ ಹಿಡಿದು ಗುಡಿಸುವುದನ್ನು ಮರೆತು ನಿಂತಿದ್ದಳು.

ಅವನು ತಲೆಯೆತ್ತಿದ.

"ಇದೆ. ನೀನು ಬರೆದಷ್ಟೇ ಇದೆ."

*

ಆದಿಲಕ್ಷ್ಮಮ್ಮ ಜಗಲಿಯ ಮೇಲೆ ನಿಂತವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಅವತ್ತು ಇಲ್ಲ ಅಂದೆ. ಇವತ್ತು ಇದೆ ಅಂತೀಯ. ನಾಳೆ ಇನ್ನೇನು ಅಂತೀಯ ಬಾಬು?"

"ದೊಡ್ಡಮ್ಮಾ, ಒಂದು ಮಾತು ಕೇಳ್ತೀನಿ. ಕೆಂಪು ನೂಲನ್ನ ತಿಂಗಳುಗಟ್ಟಲೆ ಬಿಸಿಲಲ್ಲಿ ಬಿಟ್ರೆ ಏನಾಗುತ್ತೆ?"

"ಬೆಳ್ಳಗಾಗುತ್ತೆ. ನೇಕಾರರ ಮನೇಲಿ ನಿಂತು ಕೇಳೋ ಮಾತಾ ಇದು?"

"ಬಣ್ಣ ಹೋಯ್ತು ಅಂತ, ನೂಲೇ ಇರಲಿಲ್ಲ ಅನ್ನಬಹುದಾ?"

"ಯಾವ ದಡ್ಡ ಹಾಗಂತಾನೆ?"

"ನಾನೇ ಅಂದೆ ದೊಡ್ಡಮ್ಮಾ, ಅವತ್ತು."

 ಕೋಟಮ್ಮನ ರಾಟೆ ನಿಂತುಹೋಗಿತ್ತು.

"ಈ ಕಾಯಿಲೆ ನನಗೂ ಬಂದಿತ್ತು," ಎಂದ ಯುಗಂಧರ್, ಮೆಲ್ಲಗೆ. "ಇದೇ ಮಾತ್ರೆ ನುಂಗಿದೆ. ನನ್ನ ಉಚ್ಚೆಯೂ ಕೆಂಪಾಗಿತ್ತು. ಕಡೇವರೆಗೂ ನುಂಗಿದೆ, ಅದಕ್ಕೇ ಇವತ್ತು ಬಂದು ನಿಮ್ಮ ಹತ್ರ ಬೈಸ್ಕೊಳ್ತಿದ್ದೀನಿ."

ಆದಿಲಕ್ಷ್ಮಮ್ಮ ಅವನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಒಳಗೆ ಹೋಗಿ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಸೊಸೆಯ ಮುಂದೆ ಕುಕ್ಕಿದರು.

"ನೋಡ್ತಾ ಏನು ಕೂತಿದ್ದೀಯ? ನುಂಗು."

ಕೋಟಮ್ಮ ನುಂಗಿದಳು. ಒಂದೊಂದಾಗಿ ಎಲ್ಲವನ್ನೂ. ಕಡೆಯದು ಗಂಟಲಿಳಿಯುವವರೆಗೂ ಹೈಮಾವತಿ ಅವಳ ಬೆನ್ನ ಮೇಲಿನ ಕೈ ತೆಗೆಯಲಿಲ್ಲ.

*

ವಾಪಸು ಬರುವಾಗ ಕಾಲುವೆಯ ಏರಿಯ ಮೇಲೆ ಇಬ್ಬರೇ. ಬಣ್ಣ ಹಾಕಿದ ನೂಲಿನ ಲಡಿಗಳು ಗಳದ ಮೇಲೆ ನೆರಳಿನಲ್ಲಿ ಒಣಗುತ್ತಿದ್ದವು.

"ನನಗ್ಯಾಕೆ ಹೇಳ್ಲಿಲ್ಲ?" ಹೈಮಾವತಿ ನಿಂತುಬಿಟ್ಟಳು.

"ನಿನ್ನ ಪಕ್ಕದಲ್ಲಿ ಕೂತು ಎಷ್ಟು ಸಲ ಕೆಮ್ಮಿದ್ದೆನೋ ಅಂತ ಭಯ. ನಿನಗೂ ಅಂಟಿಸಿದೆನೇನೋ ಅಂತ. ಈ ಕಾಯಿಲೆಯವನಿಗೆ ಹೆಣ್ಣು ಕೊಡಿ ಅಂತ ಯಾವ ಬಾಯಲ್ಲಿ ಕೇಳ್ಲಿ? ವಾಸಿಯಾಗೋ ಹೊತ್ತಿಗೆ ನಾಚಿಕೆ. ನಿನಗೆ ಮದುವೆ ಆಗಿರುತ್ತೆ ಅಂದುಕೊಂಡೆ. ಈ ವಿಭಾಗಕ್ಕೆ ಹಾಕಿದಾಗ, ಪಟ್ಟಿಯಲ್ಲಿ ನಿನ್ನ ಹೆಸರಿನ ಜೊತೆ ಇನ್ನೂ ನಿಮ್ಮಪ್ಪನ ಹೆಸರೇ ಇತ್ತು..." 

"ದಿನಾ ಆ ಬೆಂಚಿನ ಮೇಲೆ ಕೂತೋರಿಗೆ ನಾನು ಹೇಳೋದು ಒಂದೇ ಮಾತು. ಮುಚ್ಚಿಡಬೇಡಿ, ಇದು ವಾಸಿಯಾಗುತ್ತೆ ಅಂತ. ಊರಿಗೆಲ್ಲ ಹೇಳೋ ನನಗೆ ನೀವು ಮುಚ್ಚಿಟ್ರಿ." ಅವಳ ಕಣ್ಣು ತುಂಬಿತು. "ನಾನು ಬಂದು ಚೊಂಬಲ್ಲಿ ನೀರು ಕೊಡ್ತಿದ್ದೆ. ದಿನಾ. ಅಷ್ಟೂ ನಂಬಿಕೆ ಇರಲಿಲ್ವಾ?"

ಯುಗಂಧರ್ ತಲೆ ತಗ್ಗಿಸಿದ. "ತಪ್ಪಾಯ್ತು ಹೈಮಾ."

ಕಾಲುವೆಯ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆರಳಿಗೆ ಇವತ್ತಿನ ಕೆಂಪು ಹತ್ತಿತ್ತು. ಗಾಜು ಹಿಡಿದಿದ್ದ ಅವನ ಬೆರಳಿಗೂ.

"ನಿಮ್ಮಮ್ಮ ಹೇಗಿದ್ದಾರೆ?" ಎಂದಳು.

"ಚೆನ್ನಾಗಿದ್ದಾರೆ. ಆ ಹುಡುಗಿ ಮನೆಗೆ ಯಾವಾಗ ಕರ್ಕೊಂಡು ಹೋಗ್ತೀಯ ಅಂತ ಈಗಲೂ ಕೇಳ್ತಾರೆ." ಅವನ ದನಿ ಇಳಿಯಿತು. "ಕರ್ಕೊಂಡು ಬರ್ಲಾ?"

"ಅರಿಸೆಲು ಮೊದಲೇ ಮಾಡಿಡಲ್ಲ ಈ ಸಲ."

"ಬೇಡ."

"ನೀವು ಬಂದು, ಚಾಪೆ ಮೇಲೆ ಕೂತ ಮೇಲೆ ನಮ್ಮಮ್ಮ ಒಲೆ ಹಚ್ಚೋದು. ಬೇಯೋವರೆಗೂ ಕಾಯ್ಬೇಕು."

"ಕಾಯ್ತೀನಿ."

ಅವಳು ನಡೆಯತೊಡಗಿದಳು. ಅವನು ಜೊತೆಗೆ ಹೆಜ್ಜೆ ಹಾಕಿದ. ಆಸ್ಪತ್ರೆಯ ಗೇಟು ಹತ್ತಿರವಾದಾಗ ಅವನಿಗೆ ನೆನಪಾಯಿತು.

"ನನ್ನ ಸ್ಲೈಡು ನಿನ್ನ ಮೇಜಿನ ಮೇಲೇ ಉಳೀತು."

"ಪೆಟ್ಟಿಗೆಯೊಳಗೆ ಹಾಕಿಟ್ಟಿದ್ದೀನಿ," ಎಂದಳು ಹೈಮಾವತಿ. "ಅದಿನ್ನು ನನ್ನ ಹತ್ರನೇ ಇರ್ಲಿ. ನಿಮ್ಮ ಕಿಟಕಿಗೆ ಬಿಸಿಲು ಜಾಸ್ತಿ."